ಕೊಳವೆಯ ಮೇಲಿನ ಕುಂಕುಮ

ನಮ್ಮ ಲ್ಯಾಬಿನ ಫರ್ನೇಸಿಗೆ ರಜೆ ಇರಲಿಲ್ಲ. ಗಣಪತಿ ಹಬ್ಬಕ್ಕೆ ಇಡೀ ನವಿ ಮುಂಬಯಿ ಬಾಗಿಲು ಹಾಕಿದರೂ, ಮಳೆಗೆ ಠಾಣೆಯಿಂದ ಆಚೆ ಟ್ರೇನು ನಿಂತರೂ, ರಬಾಳೆ ಸ್ಟೇಶನ್ನಿನ ಹಿಂದಿನ ಆ ಹಳೇ ಕಟ್ಟಡದ ಮೂಲೆಯಲ್ಲಿ ಅದು ಕೆಂಪಗೆ ಕಾದುಕೊಂಡೇ ಇರುತ್ತಿತ್ತು. ಅದಕ್ಕೆ ರಜೆ ಇಲ್ಲವಾದ್ದರಿಂದ ನಮ್ಮ ಸರ್‌ಗೂ ಇರಲಿಲ್ಲ. ಸರ್‌ಗೆ ಇಲ್ಲವಾದ್ದರಿಂದ ಕಾಕೂಗೆ ಹಬ್ಬವೆಂಬುದೇ ಇರಲಿಲ್ಲ. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಸರ್ ಎಂದರೆ ಆ ಲ್ಯಾಬಿನಲ್ಲಿ ನನಗೆ ಕೆಲಸ ಕಲಿಸಿದವರು. ಬಾಗಲಕೋಟೆ ಕಡೆಯವರು, ಮನೆ ಡೊಂಬಿವಲಿಯಲ್ಲಿ. ಕಾಕು, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಅವರ ಹೆಂಡತಿ. ಅವರ ಬಿಲ್ಡಿಂಗಿನ ಹುಡುಗಿಯರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ನಾನು ಉಡುಪಿಯವಳೆಂದು ಹೇಳಿಕೊಳ್ಳುವವಳೇ ಹೊರತು ಹುಟ್ಟಿ ಬೆಳೆದದ್ದು ಠಾಣೆಯ ನೌಪಾಡಾದಲ್ಲಿ, ಅಪ್ಪನ ಹೊಟೇಲಿನ ಮೇಲಿನ ಮನೆಯಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ. ಕನ್ನಡ ಕಲಿತದ್ದು ಅಮ್ಮ ಊರಿಂದ ತರಿಸುತ್ತಿದ್ದ ವಾರಪತ್ರಿಕೆಗಳಿಂದ. ಹಾಗಾಗಿ ಸರ್ ಮೊದಲ ದಿನ ತಮ್ಮ ಊರಿನ ಧಾಟಿಯಲ್ಲಿ ಗಡಗಡ ಮಾತಾಡಿದಾಗ ಅರ್ಧ ತಿಳಿಯಲಿಲ್ಲ. ತಿಳಿದವಳಂತೆ ತಲೆಯಾಡಿಸಿದೆ. ನನ್ನದು ಪೇಪರಿನ ಕನ್ನಡ ಎಂದು ಅವರಿಗೆ ನಗು.

ನಮ್ಮ ಕೆಲಸವನ್ನು ಮನೆಯವರಿಗೆ ವಿವರಿಸುವುದೇ ಒಂದು ಕಷ್ಟ. ಬೆಂಜೀನ್, ಟಾಲ್ವೀನ್, ಬಟ್ಟೆಯ ಕಪಾಟಿನಲ್ಲಿ ಇಡುವ ನುಸಿಗುಳಿಗೆಯ ನ್ಯಾಫ್ತಲೀನ್, ಇವೆಲ್ಲ ಒಂದೇ ಮನೆತನದವು. ಆರೊಮ್ಯಾಟಿಕ್ ಹೈಡ್ರೋಕಾರ್ಬನ್ ಎಂದು ಹೆಸರು. ಇವನ್ನು ಗಾಳಿ ತಾಗದಂತೆ ವಿಪರೀತ ಕಾಯಿಸಿದರೆ ಏನಾಗುತ್ತದೆ ಎಂದು ನೋಡುವುದು ನಮ್ಮ ಕೆಲಸ. ಅಷ್ಟಕ್ಕೆ ಸಂಬಳ ಕೊಡುತ್ತಾರಾ ಎಂದು ಅಪ್ಪ ಕೇಳಿದ್ದರು. ಹೊಟೇಲಿನ ತವೆಗಿಂತ ಎಷ್ಟು ಹೆಚ್ಚು ಬಿಸಿ ಎಂದೂ ಕೇಳಿದರು. ತವೆ ಕರಗಿ ಹರಿಯಲಿಕ್ಕೆ ಸ್ವಲ್ಪವೇ ಕಡಿಮೆ ಎಂದೆ.

ಸರ್ ನನಗೆ ಅದನ್ನು ಹೇಳಿಕೊಟ್ಟದ್ದು ಠಾಣೆ ಸ್ಟೇಶನ್ನಿನ ವಾಶಿ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಕಾಯುತ್ತ. ಬೆಂಜೀನ್ ಎಂದರೆ ಆರು ಮಂದಿ ಕೈ ಕೈ ಹಿಡಿದು ಸುತ್ತಲೂ ನಿಂತಂತೆ, ಒಂದು ಉಂಗುರ. ಟಾಲ್ವೀನ್ ಎಂದರೆ ಅದೇ ಉಂಗುರಕ್ಕೆ ಒಂದು ಬಾಲ. ಬಿಸಿ ಏರಿದಾಗ ಮೊದಲು ಪೆಟ್ಟು ತಿನ್ನುವುದು ಬಾಲ. ಉಂಗುರ ಜಪ್ಪಯ್ಯ ಎಂದರೂ ಬಿಡುವುದಿಲ್ಲ. ಇನ್ನೂ ಏರಿಸಿದರೆ ಉಂಗುರದ ಹೊರಗೆ ಅಂಟಿಕೊಂಡ ಹೈಡ್ರೋಜನ್ ಹಾರಿಹೋಗುತ್ತದೆ. ಆಗ ಅಲ್ಲೊಂದು ಕೈ ಖಾಲಿಯಾಗುತ್ತದೆ. ಖಾಲಿ ಕೈಯ ಉಂಗುರ ಪಕ್ಕದ ಉಂಗುರವನ್ನು ಹಿಡಿಯುತ್ತದೆ, ಎರಡು ಸೇರಿ ಮೂರನೆಯದನ್ನು ಕರೆಯುತ್ತವೆ, ಹೀಗೆ ಬೆಳೆದು ಬೆಳೆದು ಕೊನೆಗೆ ಕೊಳವೆಯ ಗೋಡೆಗೆ ಮಸಿಯಾಗಿ ಕೂರುತ್ತವೆ. ಅಂದರೆ ಹೆಸರಿಗೆ ಒಡೆಯುವ ಪ್ರಯೋಗ, ನಡೆಯುವುದು ಕೂಡುವ ಕೆಲಸ. ಕಾರ್ಖಾನೆಗಳಲ್ಲಿ ಕೊಳವೆಗಳು ಕಟ್ಟಿಕೊಳ್ಳುವುದು ಈ ಮಸಿಯಿಂದಲೇ. ಅದನ್ನು ತಪ್ಪಿಸಿಕೊಡಿ ಎಂದು ಕಂಪನಿ ನಮಗೆ ಆ ಮೂಲೆಯನ್ನು ಬಿಟ್ಟುಕೊಟ್ಟಿತ್ತು.

ಸರ್‌ಗೆ ಒಂದು ನಂಬಿಕೆ ಇತ್ತು. ನಂಬಿಕೆ ಎನ್ನುವುದಕ್ಕಿಂತ ಹಟ. ಆ ಬಿಸಿಯಲ್ಲಿ ಉಂಗುರಕ್ಕೆ ಪಕ್ಕದವರ ಕೈ ಹಿಡಿಯಲು ಸಮಯವನ್ನೇ ಕೊಡದಿದ್ದರೆ, ರೆಪ್ಪೆ ಬಡಿಯುವುದರೊಳಗೆ ಹೊರಗೆ ಎಳೆದುಕೊಂಡರೆ, ಅದು ಕೂಡುವ ಬದಲು ತಾನಾಗಿ ಬಿಚ್ಚಿಕೊಂಡು ಅಸಿಟಿಲೀನ್ ಎಂಬ ಹಗುರ ಅನಿಲವಾಗುತ್ತದೆ, ಮಸಿಯ ಪ್ರಶ್ನೆಯೇ ಇರುವುದಿಲ್ಲ ಎಂದು. ಬೇರೆಯವರ ಪ್ರಯೋಗಗಳೆಲ್ಲ ಅಷ್ಟು ಬಿಸಿಯಲ್ಲಿ ಬಿಚ್ಚುವುದು ನಗಣ್ಯ, ಕೂಡುವುದೇ ಹೆಚ್ಚು ಎನ್ನುತ್ತಿದ್ದವು. ಸರ್ ಮೂಗು ಮುರಿಯುತ್ತಿದ್ದರು. ಅವರೆಲ್ಲ ತಡವಾಗಿ ನೋಡುತ್ತಾರೆ, ಮದುವೆ ಮುಗಿದ ಮೇಲೆ ಬಂದು ಊಟ ಹೇಗಿತ್ತು ಎಂದು ಕೇಳಿದಂತೆ, ಎನ್ನುತ್ತಿದ್ದರು. ಕಂಪನಿಯ ಮೇಲಿನವರು ಅವರನ್ನು ಮುಖದೆದುರು ಹೊಗಳಿ ಹಿಂದಿನಿಂದ ನಗುತ್ತಿದ್ದದ್ದು ನನಗೆ ಗೊತ್ತಿತ್ತು. ನನಗೆ ಮೈ ಉರಿಯುತ್ತಿತ್ತು. ನಾನು ಸರ್ ಕಡೆಯವಳು.

ಆ ಪ್ರಯೋಗಕ್ಕೆ ನಡುವೆ ಸಣ್ಣ ಕುತ್ತಿಗೆ ಇರುವ ಕ್ವಾರ್ಟ್ಜ್ ಕೊಳವೆ ಬೇಕು. ಕ್ವಾರ್ಟ್ಜ್ ಎಂದರೆ ಗಾಜಿನ ಹಾಗೇ ಕಾಣುವ, ಗಾಜಿಗಿಂತ ಎಷ್ಟೋ ಪಾಲು ಬಿಸಿ ತಡೆಯುವ ವಸ್ತು. ಕುತ್ತಿಗೆಯಲ್ಲಿ ಆವಿ ಸರ್ರನೆ ಓಡಿ ಪಾರಾಗುತ್ತದೆ. ಅಂಥ ಕೊಳವೆ ಊದುವವರೊಬ್ಬರು ಠಾಣೆಯಲ್ಲಿ ಮಾಜಿವಾಡಾದ ಹತ್ತಿರ ಇದ್ದರು, ಆಗಲೇ ಕಣ್ಣು ಮಂಜಾಗಿ ಅಂಗಡಿ ಮುಚ್ಚುವುದರಲ್ಲಿದ್ದರು. ಅವರು ಊದಿದ ಕೊನೆಯ ಕೊಳವೆ ನಮ್ಮದು. ಸರ್ ಅದನ್ನು ಹಳೇ ಚಾದರದಲ್ಲಿ ಸುತ್ತಿ, ಮಗುವಿನಂತೆ ಎದೆಗೆ ಅವಚಿಕೊಂಡು, ಸಂಜೆಯ ಗರ್ದಿಯಲ್ಲಿ ಡೊಂಬಿವಲಿ ಲೋಕಲ್ ಹತ್ತಿ ಮನೆಗೆ ಒಯ್ದರು. ಮರುದಿನ ಲ್ಯಾಬಿಗೆ ತಂದಾಗ ಕೊಳವೆಯ ಸರಿಯಾಗಿ ನಡುವೆ, ಕುತ್ತಿಗೆಯ ಪಕ್ಕದಲ್ಲೇ, ಅರಿಶಿನ ಕುಂಕುಮದ ಒಂದು ಬೆರಳು ಗುರುತಿತ್ತು.

ಕಾಕು ಹಚ್ಚಿದ್ದು. ಹೊಸ ಫ್ರಿಜ್ಜು ಬಂದರೂ, ಹೊಸ ಕುಕ್ಕರು ಬಂದರೂ, ಮನೆಗೆ ಬಂದ ಹೊಸ ಸಾಮಾನಿಗೆ ಕುಂಕುಮ ಹಚ್ಚದೆ ಬಳಸುವುದು ಅವರಲ್ಲಿ ಇಲ್ಲ. ನಮ್ಮಲ್ಲೂ ಇಲ್ಲ ಅನ್ನಿ. ಚಾದರ ಬಿಚ್ಚಿದ್ದು ನೋಡಿ, ಇದೇನೋ ಗಂಡನ ಹೊಸ ಯಂತ್ರ, ಒಳ್ಳೆಯದಾಗಲಿ ಎಂದು ಹಚ್ಚಿದರು. ಕ್ವಾರ್ಟ್ಜನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ ಎಂಬುದು ನಮ್ಮ ಲ್ಯಾಬಿನ ಮೊದಲ ಪಾಠ. ಬೆವರಿನ ಉಪ್ಪು ಸಾಕು, ಕುಂಕುಮದ ಸುಣ್ಣವೂ ಸಾಕು, ತಿಂಗಳುಗಟ್ಟಲೆ ಕಾದಾಗ ಆ ಜಾಗದಲ್ಲಿ ಕ್ವಾರ್ಟ್ಜ್ ಹಾಲಿನ ಹಾಗೆ ಬೆಳ್ಳಗಾಗುತ್ತ ಹೋಗುತ್ತದೆ. ಬಿಸಿಯಲ್ಲೇ ಇರುವ ತನಕ ಏನೂ ತೊಂದರೆಯಿಲ್ಲ. ತಣ್ಣಗಾದರೆ ಆ ಬಿಳಿ ಭಾಗ ತಟ್ಟನೆ ಮುದುಡಿ ಒಡೆಯುತ್ತದೆ. ಫರ್ನೇಸಿಗೆ ರಜೆ ಇಲ್ಲದ್ದು ಇದೇ ಕಾರಣಕ್ಕೆ. ಸರ್ ನಗುನಗುತ್ತಲೇ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿದರು. ಹೋಯಿತು ಎಂದರು. ನನಗೂ ಹೋದಂತೆಯೇ ಕಂಡಿತು.

ಆಮೇಲೆ ಆ ಕೊಳವೆ, ಹಳೆಯದನ್ನು ತೆಗೆಯಲು ಆರಿಸಿದ್ದ ಫರ್ನೇಸಿನೊಳಗೆ ಸೇರಿ ಕೆಂಪಾಯಿತು, ಒಳಗೆ ಮಸಿ ಹತ್ತಿ ಕಪ್ಪಾಯಿತು. ಸರ್ ಹಂತ ಹಂತವಾಗಿ ಬಿಸಿ ಏರಿಸುತ್ತ, ಆವಿಯ ಓಟ ಹೆಚ್ಚಿಸುತ್ತ ಹೋದರು. ಸಿಕ್ಕ ಅಂಕಿಗಳು ಆಚೆಗೂ ಇಲ್ಲ ಈಚೆಗೂ ಇಲ್ಲ. ತೀರ್ಮಾನವಾಗಬೇಕಾದರೆ ಎಲ್ಲಕ್ಕಿಂತ ಮೇಲಿನ ಬಿಸಿಯಲ್ಲಿ ಒಂದು ಸಲ ಓಡಿಸಬೇಕಿತ್ತು. ಅದನ್ನು ದಸರೆ ಮುಗಿಸಿಕೊಂಡು ಮಾಡುವುದೆಂದು ಆಯಿತು. ದೀಪಾವಳಿಗೆ ಸರ್ ನಿವೃತ್ತಿ, ಅವರ ಜೊತೆಗೆ ಆ ಮೂಲೆಯೂ ಮುಚ್ಚುತ್ತದೆಂದು ಕಂಪನಿ ಮೊದಲೇ ಹೇಳಿಬಿಟ್ಟಿತ್ತು.

ದಸರೆ ಅವರ ಕಡೆಯ ದೊಡ್ಡ ಹಬ್ಬ. ಸಂಜೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗಿ, ಹಿರಿಯರ ಕಾಲಿಗೆ ಬಿದ್ದು, ಕೊಟ್ಟು ತಗೊಳ್ಳುತ್ತಾರೆ. ಡೊಂಬಿವಲಿ, ಕಲ್ಯಾಣದಲ್ಲಿರುವ ಅವರ ಊರಿನವರೆಲ್ಲ ಆ ದಿನ ಒಬ್ಬರ ಮನೆಗೊಬ್ಬರು ಬರುತ್ತಿದ್ದರು. ಸರ್ ಮಾತ್ರ ಆ ದಿನವೂ ರಬಾಳೆಯಲ್ಲಿ. ರಜೆಯ ದಿನ ವಾಚ್‌ಮನ್ ಒಬ್ಬನೇ ಇರುತ್ತಾನೆ, ಗಾಳಿ ತಾಗದಂತೆ ಕೊಳವೆಗೆ ಬಿಡುವ ನೈಟ್ರೋಜನ್ ನಿಂತರೆ ಗತಿಯೇನು ಎಂದು ತಾವೇ ಹೋಗಿ ಕೂರುತ್ತಿದ್ದರು. ಅವರು ಮನೆ ಮುಟ್ಟುವಷ್ಟರಲ್ಲಿ ಬಂದವರೆಲ್ಲ ಹೋಗಿ, ತಾಟಿನಲ್ಲಿ ಬಾಡಿದ ಎಲೆ ಉಳಿದಿರುತ್ತಿತ್ತು. ಮದುವೆಯಾದಾಗಿನಿಂದ ಕಾಕು ಬಂದವರಿಗೆಲ್ಲ ಬಾಗಿಲಲ್ಲಿ ಒಬ್ಬರೇ ನಿಂತು ಬನ್ನಿ ಕೊಟ್ಟವರು. ಆ ವರ್ಷ ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದರಂತೆ, ಈ ದಸರೆಗಾದರೂ ಮನೆಯಲ್ಲಿರಿ ಎಂದು. ಸರ್ ನನಗೆ ಇದನ್ನು ಹೇಳುವಾಗ ಅವರ ಮುಖದಲ್ಲಿ ಏನೋ ಸಂಕೋಚವಿತ್ತು.

‘ಅಕಿ ಇಷ್ಟ ವರ್ಷದಾಗ ನನಗ ಏನೂ ಕೇಳಿಲ್ಲವಾ. ಇದೊಂದು ಹೆಂಗ ಇಲ್ಲ ಅನ್ನಲಿ?’ ಎಂದರು.

ನಾನು ಕೂತು ಕಾಯುತ್ತೇನೆ ಎಂದರೆ ಹಬ್ಬದ ದಿನ ನಿನ್ನೊಬ್ಬಳನ್ನೇ ಇಲ್ಲಿ ಬಿಡುವುದಿಲ್ಲ ಎಂದರು. ಸರಿ, ಫರ್ನೇಸ್ ಆರಿಸುವುದೆಂದಾಯಿತು. ಹುಂಬತನದಿಂದ ಆರಿಸಲಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿದ್ದೇವೆ, ಕೊಳವೆ ಹಾಕಿ ಇನ್ನೂ ಬಹಳ ಕಾಲವಾಗಿಲ್ಲ, ಬೆಳ್ಳಗಾಗಿರಲಿಕ್ಕಿಲ್ಲ ಎಂದು ಲೆಕ್ಕ ಹಾಕಿದರು. ಒಳಗೆ ಟಾರ್ಚು ಬಿಟ್ಟು ನೋಡಿದರು. ನಾನೂ ನೋಡಿದೆ. ಕಂಡದ್ದು ಮಸಿ ಮಾತ್ರ. ಮಸಿಯ ಹಿಂದೆ ಬಿಳುಪಿದೆಯೋ ಇಲ್ಲವೋ ಯಾರಿಗೆ ಗೊತ್ತು. ಗಾಳಿ ಬಿಟ್ಟು ಮಸಿ ಸುಟ್ಟು ನೋಡಬಹುದಿತ್ತು. ಆದರೆ ಕೊನೆಯ ಓಟಕ್ಕೆ ಗೋಡೆಯ ಮಸಿ ಹಾಗೇ ಬೇಕಿತ್ತು, ಅದನ್ನು ಕೆಡಿಸುವಂತಿರಲಿಲ್ಲ. ಬಿಸಿಯನ್ನು ಇಂಚಿಂಚಾಗಿ ಇಳಿಸಿದರು, ಬಾಣಂತಿಯನ್ನು ನೋಡಿಕೊಂಡಷ್ಟು ಜೋಪಾನವಾಗಿ.

ದಸರೆಯ ಹಿಂದಿನ ದಿನ ಅವರ ಕಡೆ ಖಂಡೆ ಪೂಜೆ, ನಮ್ಮಲ್ಲಿ ಆಯುಧ ಪೂಜೆ. ಇಷ್ಟು ವರ್ಷ ಫರ್ನೇಸಿಗೆ ದೂರದಿಂದ ಹೂ ತೋರಿಸಿ ಕೈಮುಗಿಯುತ್ತಿದ್ದೆವು, ಹತ್ತಿರ ಹೋದರೆ ಹಾರವೇ ಸುಟ್ಟುಹೋಗುತ್ತಿತ್ತು. ಆ ದಿನ ಅದು ತಣ್ಣಗಿತ್ತು. ಸರ್ ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಿದ್ದರು. ಆಫೀಸಿನವರೆಲ್ಲ ನೆರೆದಿದ್ದರು. ಸರ್ ಜೀವನದಲ್ಲಿ ಮೊದಲ ಸಲ ತಮ್ಮ ಫರ್ನೇಸಿಗೆ ಚೆಂಡುಹೂವಿನ ಹಾರ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಒಡೆಯಲೆಂದು ತೆಂಗಿನಕಾಯಿ ಎತ್ತಿಕೊಂಡರು. ಆಗ ಒಳಗಿನಿಂದ ಸಣ್ಣಗೆ ಒಂದು ಸದ್ದು ಬಂತು. ಬಿಸಿ ಚಹಾ ಹೊಯ್ದಾಗ ಗಾಜಿನ ಗ್ಲಾಸು ಸೀಳುವ ಸದ್ದು, ಅಷ್ಟೇ. ನೆರೆದವರಿಗೆ ಅದೇನೆಂದು ತಿಳಿಯಲಿಲ್ಲ. ನನಗೆ ತಿಳಿಯಿತು. ಸರ್ ಕಾಯಿಯನ್ನು ಮೆಲ್ಲಗೆ ಕೆಳಗಿಟ್ಟರು, ಯಾರೋ ಅದನ್ನು ಎತ್ತಿಕೊಂಡು ಒಡೆದರು, ಪೇಡೆ ಹಂಚಿದರು.

ಊಟದ ಹೊತ್ತಿಗೆ ಎಲ್ಲರೂ ಹೋದ ಮೇಲೆ ನಾವಿಬ್ಬರೂ ಕೊಳವೆಯನ್ನು ಹೊರಗೆಳೆದೆವು. ಎರಡು ತುಂಡು. ಸರ್ ಒಂದು ತುಂಡಿನ ಹೊರಮೈಯನ್ನು ಬಟ್ಟೆಯಿಂದ ಉಜ್ಜಿದರು. ಬಿರುಕು ಹೊರಟ ಜಾಗದಲ್ಲಿ ಹಾಲಿನಂಥ ಒಂದು ಬಿಳಿ ಗುರುತು. ಬೆರಳಿನಷ್ಟೇ ಅಗಲ, ಬೆರಳಿನಷ್ಟೇ ಉದ್ದ, ಕೆಳಗೆ ಎಳೆದಲ್ಲಿ ಸ್ವಲ್ಪ ಸಪೂರ. ಇಬ್ಬರೂ ನೋಡಿದೆವು. ನನಗೆ ಅಳು ಬಂತು, ಅತ್ತೆ. ಸರ್ ಅಳಲಿಲ್ಲ, ಎಂಥ ಚೆಂದ ಬೆಳೆದೈತಿ ನೋಡು ಎಂದು ಆ ಬಿಳುಪನ್ನು ಭೂತಗನ್ನಡಿಯಲ್ಲಿ ತೋರಿಸಿದರು.

ಆ ತುಂಡನ್ನು ಅವರು ಮನೆಗೆ ಒಯ್ದರು. ಕಾಕೂಗೆ ತೋರಿಸಿ, ಹೇಗೆ ಸುಣ್ಣ ಒಳಗೆ ಇಳಿಯಿತು, ಹೇಗೆ ತಣ್ಣಗಾದಾಗ ಮುದುಡಿತು ಎಂದು ಎಲ್ಲ ಬಿಡಿಸಿ ಹೇಳಿದರು. ಬೈಯಲಿಲ್ಲ. ಅವರಿಗೆ ಸಿಟ್ಟೇ ಇರಲಿಲ್ಲ, ನನಗೆ ಹೇಳಿಕೊಟ್ಟಂತೆ ಕಾಕೂಗೂ ಹೇಳಿಕೊಟ್ಟರು. ಬೈದಿದ್ದರೆ ಒಳ್ಳೆಯದಿತ್ತು. ಬೈಗುಳ ಒಂದು ವಾರಕ್ಕೆ ಮರೆತುಹೋಗುತ್ತದೆ, ಆ ವಿವರಣೆ ಕಾಕೂಗೆ ಮರೆಯಲಿಲ್ಲ. ಮರುದಿನ ದಸರೆಗೆ ಗಂಡ ಮನೆಯಲ್ಲಿದ್ದರು. ಬಂದವರಿಗೆಲ್ಲ ಬನ್ನಿ ಕೊಟ್ಟರು. ಇಬ್ಬರೂ ಜೊತೆಗೆ ನಿಂತು ಕೊಟ್ಟ ಮೊದಲ ಬನ್ನಿ ಅದು.

ಹೊಸ ಕೊಳವೆ ತರಿಸಿಕೊಡಿ ಎಂದು ನಾನು ಮೇಲಿನವರ ಹತ್ತಿರ ಜಗಳವಾಡಿದೆ. ದೀಪಾವಳಿಗೆ ಹೋಗುವವರಿಗೆ ಈಗ್ಯಾಕೆ ಕೊಳವೆ ಎಂದು ಅವರು ನಕ್ಕರು. ಮಾಜಿವಾಡಾದ ಅಂಗಡಿಗೆ ಹೋಗಿ ನೋಡಿದರೆ ಅಲ್ಲಿ ಮೊಬೈಲ್ ಕವರು ಮಾರುತ್ತಿದ್ದರು. ಸರ್ ನಿವೃತ್ತರಾದರು, ಡೊಂಬಿವಲಿಯ ಮನೆ ಮಾರಿ ಬದಲಾಪುರದಲ್ಲಿ ಸ್ವಲ್ಪ ದೊಡ್ಡ ಮನೆ ಮಾಡಿಕೊಂಡರು. ನನಗೆ ತಳೋಜಾದ ಕಡೆ ಬೇರೆ ಕೆಲಸ ಸಿಕ್ಕಿತು. ಫೋನು ಮಾಡಿದಾಗಲೆಲ್ಲ ಸರ್ ಮಾತು ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಇನ್ನೊಂದು ಸಲ ಓಡಿಸಿದ್ದರೆ ಆಗುತ್ತಿತ್ತು, ಇನ್ನೊಂದೇ ಸಲ. ಕೊನೆಗೆ ನಗುತ್ತ, ನಿಮ್ಮ ಕಾಕು ಕುಂಕುಮ ಹಚ್ಚಿ ನನ್ನನ್ನು ಮನೆಗೆ ಕರೆಸಿಕೊಂಡಳು ಎನ್ನುತ್ತಿದ್ದರು. ಹಿಂದಿನಿಂದ ಪಾತ್ರೆಗಳ ಸದ್ದು ಕೇಳುತ್ತಿತ್ತು.

ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ ಈಚೆಗೆ ನಮ್ಮ ಹೊಸ ಲ್ಯಾಬಿಗೆ ಒಳ್ಳೆಯ ಫರ್ನೇಸ್ ಬಂತು. ಕೊಳವೆ ಪಿಂಗಾಣಿಯಂಥದ್ದು, ಬೆಳ್ಳಗಾಗುವ ಭಯವಿಲ್ಲ, ಬೇಕಾದಾಗ ಆರಿಸಬಹುದು. ಕಣ್ಣು ಮುಚ್ಚಿ ತೆರೆಯುವುದಕ್ಕಿಂತ ಎಷ್ಟೋ ಬೇಗ ಆವಿಯನ್ನು ಹಿಡಿದು ಅದರಲ್ಲಿ ಏನೇನಿದೆ ಎಂದು ಹೇಳುವ ಯಂತ್ರವೂ ಬಂತು. ದಸರೆ ಹತ್ತಿರವಿತ್ತು. ಸರ್‌ಗೆ ಈ ಸಲ ಬನ್ನಿಯ ಜೊತೆ ಅವರ ಉತ್ತರವನ್ನೇ ಒಯ್ದು ಕೊಡೋಣ ಎಂದು ನನಗೆ ಹುಮ್ಮಸ್ಸು. ಅವರು ಮಾಡಬೇಕೆಂದಿದ್ದ ಕೊನೆಯ ಓಟವನ್ನು, ಅದೇ ಬಿಸಿ, ಅದೇ ವೇಗ, ನಾನೇ ಮಾಡಿದೆ.

ಉಂಗುರ ಬಿಚ್ಚಿಕೊಂಡಿರಲಿಲ್ಲ. ಅಸಿಟಿಲೀನ್ ಇದ್ದದ್ದು ಹೆಸರಿಗೆ. ಉಳಿದದ್ದೆಲ್ಲ ಒಂದರ ಕೈ ಒಂದು ಹಿಡಿದ ಜೋಡಿ ಉಂಗುರಗಳು. ವೇಗ ಹೆಚ್ಚಿಸಿದೆ, ಮತ್ತೆ ಮಾಡಿದೆ. ಅದೇ ಉತ್ತರ. ಇನ್ನೂ ಎಷ್ಟೋ ಹೆಚ್ಚು ಬಿಸಿಯಲ್ಲಿ ಬಿಚ್ಚಬಹುದು, ಬಿಚ್ಚುತ್ತದೆ ಕೂಡ, ಆದರೆ ಅಷ್ಟು ಬಿಸಿಯನ್ನು ಸರ್ ಅವರ ಕೊಳವೆ ಎಂದೂ ತಡೆಯುತ್ತಿರಲಿಲ್ಲ. ಅದು ಒಡೆಯದೆ ಉಳಿದಿದ್ದರೂ ಅವರಿಗೆ ಸಿಗುತ್ತಿದ್ದದ್ದು ಈ ಉತ್ತರವೇ. ಪರದೆಯ ಮುಂದೆ ಕೂತು ಮೇಲಿನವರ ಆ ನಗು ನೆನಪಾಗಿ ನನಗೆ ಬಹಳ ಬೇಸರವಾಯಿತು. ಮಾಡದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಗ ಅನಿಸಿದ್ದು ಈಗಲೂ ಅನಿಸುತ್ತದೆ.

ಆದರೂ ದಸರೆಯ ದಿನ ಬದಲಾಪುರದ ಗಾಡಿ ಹತ್ತಿದೆ. ಗೊತ್ತಾದದ್ದನ್ನು ಹೇಳಲೇಬೇಕು ಎಂದು ಕಲಿಸಿದವರೇ ಅವರು. ಹೇಳಿದರೆ ಕೊಳವೆ ಒಡೆದದ್ದರಿಂದ ಏನೂ ನಷ್ಟವಾಗಿಲ್ಲ ಎಂದಾಗುತ್ತದೆ, ಕಾಕೂ ತಲೆಯ ಮೇಲಿನ ಭಾರ ಇಳಿಯುತ್ತದೆ. ಸರ್ ಹಟ ಮಾತ್ರ ಮಣ್ಣುಪಾಲು. ಕಲ್ಯಾಣ ದಾಟುವ ತನಕ ಹೇಳುವುದು ಎಂದಿದ್ದೆ, ದಾಟಿದ ಮೇಲೆ ಬೇಡ ಎನಿಸಿತು. ಇಳಿಯುವಾಗ ಯಾವುದೂ ತೀರ್ಮಾನವಾಗಿರಲಿಲ್ಲ.

ಸರ್ ಬಾಲ್ಕನಿಯಲ್ಲಿ ಪೇಪರು ಓದುತ್ತಿದ್ದರು. ನಾನು ಒಳಗೆ ಹೋದೆ. ಕಾಕು ಹೋಳಿಗೆ ಲಟ್ಟಿಸುತ್ತಿದ್ದರು, ನಾನು ತವೆಯ ಮುಂದೆ ನಿಂತು ಬೇಯಿಸತೊಡಗಿದೆ. ಊರ ಸುದ್ದಿ ಮುಗಿದ ಮೇಲೆ ಅವರು ಲಟ್ಟಣಿಗೆ ನಿಲ್ಲಿಸಿ, ದನಿ ತಗ್ಗಿಸಿ ಕೇಳಿದರು.

‘ತಂಗಿ, ಒಂದು ಮಾತು ಖರೇ ಹೇಳು. ಕುಂಕುಮಾ ಹಚ್ಚಿದ್ದೂ ನಾನ, ಮನಿಗೆ ಬರ್ರಿ ಅಂದದ್ದೂ ನಾನ. ಆ ಕೊಳವಿ ಉಳದಿದ್ರ ಇವರಿಗೆ ಉತ್ತರ ಸಿಗ್ತಿತ್ತೇನು?’

ಇಷ್ಟು ವರ್ಷ ಯಾರನ್ನೂ ಕೇಳದೆ ಇಟ್ಟುಕೊಂಡ ಪ್ರಶ್ನೆ. ಅವರ ಮುಖ ನೋಡಿ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

‘ಸಿಗ್ತಿತ್ತು ಕಾಕು. ಆದ್ರೆ ಅವರು ಎಣಿಸಿದ ಉತ್ತರ ಅಲ್ಲ. ಮೊನ್ನೆ ನಾನೇ ಮಾಡಿ ನೋಡಿದೆ. ಅವರದ್ದು ತಪ್ಪು.’

ತವೆಯ ಮೇಲೆ ಹೋಳಿಗೆ ಸೀಯುತ್ತಿತ್ತು, ಕಾಕು ಕೈಚಾಚಿ ಗ್ಯಾಸು ಸಣ್ಣ ಮಾಡಿದರು. ಕಣ್ಣಲ್ಲಿ ನೀರಿತ್ತು. ಭಾರ ಇಳಿದ ಸಮಾಧಾನ ಎಂದುಕೊಂಡೆ. ಈಗಲೇ ಸರ್‌ಗೂ ಹೇಳಿಬಿಡುತ್ತೇನೆ, ಇನ್ನು ನಿಮ್ಮನ್ನು ಯಾರೂ ಅನ್ನುವಂತಿಲ್ಲ ಎಂದೆ. ಅವರು ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದರು.

‘ಬ್ಯಾಡ. ಅವರಿಗೆ ಹೇಳಬ್ಯಾಡ ತಂಗಿ. ನನ್ನಿಂದ ತಪ್ಪಿತು ಅಂತ ನನ್ನ ಅಂದ್ಕೋತ ಅವರು ಇನ್ನೂ ನಾಕು ದಿನ ನಕ್ಕೋತ ಇರ್ತಾರ. ತಾವ ತಪ್ಪಿದ್ರು ಅಂತ ತಿಳದ್ರ ಉಳಿಯಂಗಿಲ್ಲ.’

ಅವರು ಕೈ ಬಿಟ್ಟು ಮತ್ತೆ ಲಟ್ಟಿಸತೊಡಗಿದರು.

ಊಟಕ್ಕೆ ಕೂರುವ ಮೊದಲು ಸರ್ ನನಗೆ ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಎಂದರು. ನಾನು ಕಾಲಿಗೆ ಬಿದ್ದೆ. ಹೊಸ ಫರ್ನೇಸಿನ ವಿಷಯ ಅವರಿಗೆ ಎಲ್ಲಿಂದಲೋ ಗೊತ್ತಾಗಿತ್ತು. ಎಷ್ಟು ಬಿಸಿ, ಎಂಥ ಕೊಳವೆ ಎಂದೆಲ್ಲ ವಿಚಾರಿಸಿದರು. ಆಮೇಲೆ ತುತ್ತು ಕೈಯಲ್ಲೇ ಹಿಡಿದುಕೊಂಡು, ಒಂದು ಸಣ್ಣ ಸಹಾಯ ಕೇಳುವವರಂತೆ ಕೇಳಿದರು.

‘ನಂದು ಆ ಕಡೀ ಓಟ ಒಮ್ಮೆ ನಿಮ್ಮದರಾಗ ಮಾಡಿ ನೋಡ್ತೀ ಏನವಾ?’

ಬಡಿಸುತ್ತಿದ್ದ ಕಾಕು ಅಲ್ಲೇ ನಿಂತರು. ನಮ್ಮದರಲ್ಲಿ ಆ ಕುತ್ತಿಗೆ ಇಲ್ಲ ಸರ್, ಅಷ್ಟು ಬೇಗ ಎಳೆದುಕೊಳ್ಳಲಿಕ್ಕೆ ಆಗುವುದಿಲ್ಲ ಎಂದೆ. ತಟ್ಟೆ ನೋಡಿಕೊಂಡೇ ಹೇಳಿದೆ. ಸರ್ ಮುಖ ಅರಳಿತು. ಅದನ್ನೇ ನಾನು ಹೇಳುವುದು, ಆ ಕುತ್ತಿಗೆಯಿಲ್ಲದೆ ಏನೂ ಕಾಣಿಸುವುದಿಲ್ಲ, ಅಂಥ ಕೊಳವೆ ಇನ್ನು ಹುಟ್ಟುವುದಿಲ್ಲ ಎಂದು ಬಹಳ ಹೊತ್ತು ಮಾತಾಡಿದರು. ಕೊನೆಗೆ ಹೆಂಡತಿಯ ಕಡೆ ನೋಡಿ ನಕ್ಕು, ಎಲ್ಲ ಈಕಿ ಬೆರಳಿನ ಮಹಿಮಾ ಎಂದರು.

‘ಹೌದ್ರಿ, ನಂದ ತಪ್ಪು’ ಎಂದು ಕಾಕು ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಬಿಟ್ಟರು.